ಮಗಳು ಜರ್ಮನಿಗೆ ಹೋದ್ರೆ ದೇಶಕ್ಕೆ ಮೋಸಾನಾ? – ಓದುಗರ ಸ್ಪಂದನ

ಮೇಷ್ಟ್ರೇ, ನಿಮ್ಮ ಪತ್ರ ಓದಿ ಸುಮ್ನಿರಕ್ಕಾಗ್ಲಿಲ್ಲ. ಸರ್ಕಾರಿ ಕಾಲೇಜಲ್ಲಿ ಜನರ ದುಡ್ಡಲ್ಲಿ ನರ್ಸಿಂಗ್ ಓದಿದ ಮಗಳು ಜರ್ಮನಿಗೆ ಹೊರಟಿದಾಳೆ, ಇದು ತಪ್ಪಲ್ವಾ ಅಂತ ಕೇಳಿದೀರಿ. ನಾವು ಖರ್ಚು ಮಾಡಿ ಓದಿಸಿದ ನರ್ಸು ಶ್ರೀಮಂತ ದೇಶಕ್ಕೆ ಪುಕ್ಕಟೆ ಸಿಗ್ತಾಳೆ, ನಿಜ, ನಿಮ್ಮ ಸಂಕಟ ನ್ಯಾಯವಾದದ್ದೇ. ಆದ್ರೆ ಆ ಲೆಕ್ಕ ಚುಕ್ತಾ ಮಾಡ್ಬೇಕಾದೋರು ಸರ್ಕಾರಗಳು. ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿಯವರು 1970ರ ದಶಕದಲ್ಲೇ ಹೇಳಿದ್ರು, ಹೀಗೆ ವಲಸೆ ಹೋದ ಓದಿದೋರ ಸಂಬಳದ ಮೇಲೆ ಸ್ವಲ್ಪ ತೆರಿಗೆ ಹಾಕಿ ಬಡ ದೇಶಗಳಿಗೆ ಕೊಡ್ಬೇಕು ಅಂತ, ಶ್ರೀಮಂತ ದೇಶಗಳು ಜಾರಿಗೆ ತರ್ಲೇ ಇಲ್ಲ. 1970ರಲ್ಲಿ ವಿಶ್ವಸಂಸ್ಥೆ, ಶ್ರೀಮಂತ ದೇಶಗಳು ರಾಷ್ಟ್ರೀಯ ಆದಾಯದ 0.7% ಬಡ ದೇಶಗಳಿಗೆ ನೆರವು ಕೊಡ್ಬೇಕು ಅಂತ ಗುರಿ ಹಾಕ್ತು, ನಾರ್ವೆ, ಸ್ವೀಡನ್ ಥರ ಬೆರಳೆಣಿಕೆ ದೇಶಗಳು ಬಿಟ್ರೆ ಉಳಿದೋರು ಮುಟ್ಲಿಲ್ಲ, ಮುಟ್ಟಿದ್ದ ಬ್ರಿಟನ್ನೂ 2021ರಲ್ಲಿ 0.5ಕ್ಕೆ ಇಳಿಸ್ತು. ಇಂಥೋರು ಉಳಿಸ್ಕೊಂಡಿರೋ ಬಾಕೀನ ಆ ಹುಡುಗಿ ತಲೆಗೆ ಕಟ್ಬೇಡಿ ಸಾರ್.
– ಶಿವಮೊಗ್ಗದ ಓದುಗ

ಅಣ್ಣಾ, ನಾನೂ ನರ್ಸೇ, ಬೆಂಗಳೂರಲ್ಲಿ ಒಂದು ಖಾಸಗಿ ಆಸ್ಪತ್ರೇಲಿದೀನಿ. ನೈಟ್ ಡ್ಯೂಟೀಲಿ ಇಡೀ ವಾರ್ಡಿಗೆ ಒಬ್ಳೇ, ಈ ಬೆಡ್ಡಿನ ಡ್ರಿಪ್ ಬದಲಾಯಿಸೋ ಹೊತ್ತಿಗೆ ಆ ಕಡೆ ಬೆಲ್ ಹೊಡೀತಿರುತ್ತೆ, ಬಾಡಿಗೆ ಕಟ್ಟಿದ್ಮೇಲೆ ಸಂಬಳದಲ್ಲಿ ಉಳಿಯೋದು ಏನೂ ಇಲ್ಲ. ಖಂಡಿತ ಕಳಿಸಿ. ವಿದೇಶದ ಕೆಲಸಕ್ಕೆ ಕಳಿಸೋ ಏಜೆಂಟ್ ರಿಜಿಸ್ಟರ್ ಆಗಿದಾನಾ ಅಂತ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್ಲಲ್ಲಿ ನೋಡಿ, ಅವ್ನು ತಗೋಬಹುದಾದ ಸರ್ವಿಸ್ ಚಾರ್ಜ್ 30,000 ರೂಪಾಯಿ, ಮೇಲೆ ಜಿಎಸ್‌ಟಿ, ಅಷ್ಟೇ. ಲಕ್ಷಗಟ್ಲೆ ಕೇಳಿದ್ರೆ ಎದ್ದು ಬನ್ನಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಕೊಡ್ಬೇಡಿ. ಜರ್ಮನ್ ಭಾಷೆ ಬಿ2 ಲೆವೆಲ್ (ಆರು ಹಂತದಲ್ಲಿ ನಾಲ್ಕನೇದು) ತನಕ ಇಲ್ಲೇ ಮುಗಿಸ್ಲಿ, ಅಲ್ಲಿ ಹೋಗಿ ಡ್ಯೂಟಿ ಜೊತೆ ಕಲಿಯೋದು ತುಂಬ ಕಷ್ಟ.
– ಒಬ್ಬ ತಂಗಿ, ಬೆಂಗಳೂರು

ಮೇಲಿನ ಇಬ್ರಿಗೂ ನನ್ನದೊಂದು ಮಾತು. ವಿದೇಶದಿಂದ ದುಡ್ಡು ಬರುತ್ತಲ್ಲ ಅಂತಾರೆ, ಬರುತ್ತೆ, 2022ರಲ್ಲೇ ಭಾರತಕ್ಕೆ 100 ಬಿಲಿಯನ್ ಡಾಲರ್ ದಾಟಿ ಬಂದಿದೆ. ಆದ್ರೆ ಆ ದುಡ್ಡು ಹೋಗೋದು ಕಳಿಸಿದೋರ ಮನೆಗೆ, ನಮ್ಮ ತಾಲ್ಲೂಕು ಆಸ್ಪತ್ರೇಲಿ ಹೆರಿಗೆಗೆ ಬಂದು ನರ್ಸಿಗಾಗಿ ಕಾಯೋ ಹೆಂಗಸಿಗೆ ಅದ್ರಿಂದ ಏನ್ ಸಿಕ್ತು? ನರ್ಸ್‌ಗಳನ್ನ ಕರ್ಕೊಳೋ ದೇಶ, ಕಳಿಸೋ ದೇಶಕ್ಕೆ ನೆರವಾಗ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ನೀತಿಸಂಹಿತೆ ಮಾಡಿದೆ, ಕಡ್ಡಾಯ ಅಲ್ದೇ ಇರೋದ್ರಿಂದ ಹಾಗೇ ಕೂತಿದೆ. ಮಗಳನ್ನ ತಡೀಬೇಡಿ ಮೇಷ್ಟ್ರೇ. ನಮ್ಮ ನರ್ಸ್‌ಗಳು ಬೇಕಿದ್ರೆ ಇಲ್ಲಿ ನರ್ಸಿಂಗ್ ಕಾಲೇಜು ಕಟ್ಸಿಕೊಡಿ ಅಂತ ಜರ್ಮನಿ ಹತ್ರ ಯಾಕೆ ಕೇಳ್ತಿಲ್ಲ ಅಂತ ನಿಮ್ಮ ಎಂಪಿಗೆ ಒಂದು ಪತ್ರ ಬರೀರಿ, ನಾನೂ ನಮ್ಮ ಎಂಪಿಗೆ ಬರೀತೀನಿ.
– ರಾಯಚೂರು ಓದುಗ