ತಮ್ಮನನ್ನು ಗುಂಪು ಕೌನ್ಸೆಲಿಂಗ್‌ಗೆ ಕಳಿಸಬಹುದಾ? ಅನುಭವ ಇದ್ದವರು ಹೇಳಿ

ಹೊಸನಗರದ ಅಕ್ಕ: ತಮ್ಮನಿಗೆ 31 ವರ್ಷ, ಬುದ್ಧಿಮಾಂದ್ಯತೆ ಇದೆ. ಅಪ್ಪ ತೀರಿಕೊಂಡ ಮೇಲೆ ತುಂಬಾ ಮಂಕಾಗಿದ್ದಾನೆ. ಊಟ ಸೇರಲ್ಲ, ರಾತ್ರಿ ಜಗಲಿಯಲ್ಲಿ ಓಡಾಡುತ್ತಾನೆ. ಶಿವಮೊಗ್ಗದಲ್ಲಿ ಇಂಥವರಿಗೇ ವಾರಕ್ಕೊಮ್ಮೆ ಗುಂಪು ಕೌನ್ಸೆಲಿಂಗ್ ನಡೆಯುತ್ತಂತೆ. ಉಪಯೋಗ ಆಗುತ್ತಾ?

ತೀರ್ಥಹಳ್ಳಿ ಅಮ್ಮ: ನನ್ನ ಮಗ ಹೋಗುತ್ತಾನೆ. ಆರೇಳು ಜನ ಸುತ್ತ ಕೂರುತ್ತಾರೆ. ಸಿಟ್ಟು, ಬೇಜಾರು, ಹೆದರಿಕೆ, ಖುಷಿ ಅಂತ ಮುಖದ ಚಿತ್ರದ ಕಾರ್ಡ್ ಇರುತ್ತವೆ. ಇವನು ಬಹಳ ದಿನ ಖುಷಿಯದ್ದನ್ನೇ ಎತ್ತುತ್ತಿದ್ದ, ಎಲ್ಲರೂ ಚಪ್ಪಾಳೆ ಹೊಡೀತಾರಲ್ಲ. ಒಂದಿನ ಪಕ್ಕದ ಹುಡುಗಿ "ನಮ್ಮಜ್ಜಿ ಸತ್ತೋದ್ರು" ಅಂದಳು. ಇವನು ಬೇಜಾರಿನ ಕಾರ್ಡ್ ತೆಗೆದು ಅವಳ ಕೈಗೆ ಕೊಟ್ಟ. ಸ್ವಲ್ಪ ಹೊತ್ತಿಗೆ ಅದನ್ನೇ ವಾಪಸ್ ಕಿತ್ತುಕೊಂಡು ತನ್ನ ಎದೆಗಿಟ್ಟುಕೊಂಡ. ಖರ್ಚು ಕೇಳಿ. ಶಕ್ತಿ ಯೋಜನೆ ಇದ್ದರೂ ನಮ್ಮ ಕಡೆ ಓಡುವುದು ಜಾಸ್ತಿ ಪ್ರೈವೇಟ್ ಬಸ್ಸೇ, ಹಾಗಾಗಿ ನನಗೂ ಟಿಕೆಟ್. ಆಟೋಗೆ ಹೋಗಿಬರಲು 160, ಊಟಕ್ಕೆ 140, ಫೀಸು 300. ಮಳೆಗೆ ಮರ ಬಿದ್ದು ಬಸ್ ನಿಂತರೆ ಕಾರಿಗೆ 2,500. ಅಡಿಕೆ ಕೊಯ್ಲಿನ ಹೊತ್ತಲ್ಲಿ ಒಂದು ದಿನ ಮನೆ ಬಿಡೋದು ಎಷ್ಟು ಕಷ್ಟ ಗೊತ್ತಲ್ಲ. ಆದರೂ ಬಿಡಲ್ಲ.

ಸಾಗರದ ಅಣ್ಣ: ಮೊದಲು ರಕ್ತ ಪರೀಕ್ಷೆ ಮಾಡಿಸಿ. ನನ್ನ ತಂಗಿಗೆ ಡೌನ್ ಸಿಂಡ್ರೋಮ್, ಹುಟ್ಟಿನಿಂದಲೇ ಬರೋದು, ಬುದ್ಧಿ ಬೆಳವಣಿಗೆ ನಿಧಾನ. ಮಾತು ಬಿಟ್ಟಳು, ಮಧ್ಯಾಹ್ನವೆಲ್ಲ ನಿದ್ದೆ. ಒಬ್ಬರು ಕೌನ್ಸೆಲರ್ ತಿಂಗಳುಗಟ್ಟಲೆ ಗುಂಪಲ್ಲಿ ಕೂರಿಸಿ ಬಣ್ಣ ಹಚ್ಚಿಸಿದರು. ಹನ್ನೊಂದು ಸಾವಿರ ಹೋಯಿತು. ಬೇರೆ ಡಾಕ್ಟರು ನೋಡಿದರೆ ಥೈರಾಯ್ಡ್! ಡೌನ್ ಇದ್ದವರಲ್ಲಿ ಅದು ಜಾಸ್ತಿ. ನೋಡೋಕೆ ಖಿನ್ನತೆ ಥರಾನೇ ಇರುತ್ತೆ. ಬೆಳಿಗ್ಗೆ ಒಂದು ಮಾತ್ರೆ, ಈಗ ಹಾಡು ಹೇಳ್ತಾಳೆ.

ತೀರ್ಥಹಳ್ಳಿ ಅಮ್ಮ: ನಿಮ್ಮ ತಂಗಿಗೆ ಥೈರಾಯ್ಡ್ ಇದ್ದರೆ ಗುಂಪೇ ಸುಳ್ಳಾಗುತ್ತಾ ಅಣ್ಣ? ನಾವು ಥೈರಾಯ್ಡ್, ಹಲ್ಲು, ಕಿವಿ ಎಲ್ಲ ನೋಡಿಸಿಯೇ ಸೇರಿಸಿದ್ದು.

ಸಾಗರದ ಅಣ್ಣ: ಸುಳ್ಳು ಅಂದೆನಾ? ದುಡ್ಡು ಕಳಕೊಂಡವನು ನಾನು. ಹೇಳಬಾರದಾ?

ಕೊಪ್ಪದ ಚಿಕ್ಕಪ್ಪ: ನಮ್ಮ ಅಣ್ಣನ ಮಗನಿಗೆ ಗುಂಪು ಆಗಲಿಲ್ಲ. ಒಬ್ಬ ಕೂಗಿದರೆ ಇವನು ಕೈ ಕಚ್ಚಿಕೊಳ್ಳುತ್ತಿದ್ದ. ಬಿಡಿಸಿದೆವು. ಮಾತ್ರೆಯಿಂದಲೇ ಸುಧಾರಿಸಿದ್ದು. ಮೊದಲನೇ ಮಾತ್ರೆಗೆ ಮೈ ಊದಿ ಪ್ಯಾಂಟೆಲ್ಲ ಹೊಸದು ಹೊಲಿಸಬೇಕಾಯಿತು, ಬದಲಿಸಿದ ಮೇಲೆ ಸರಿ ಹೋಯಿತು. ಕಾರ್ಡು, ಮಾತುಕತೆ ಇವರಿಗೆಲ್ಲ ಅರ್ಥ ಆಗಲ್ಲ. ಸುಮ್ನೆ ಓಡಾಟ.

ಭದ್ರಾವತಿ ತಂಗಿ: ಅರ್ಥ ಆಗಲ್ಲ ಅಂತ ಯಾರು ಹೇಳಿದ್ದು? ನಮ್ಮಣ್ಣನಿಗೆ 44. ಅಮ್ಮ ತೀರಿಕೊಂಡಾಗ ನೆಂಟರು ಅವನನ್ನು ಪಕ್ಕದ ಮನೆಯಲ್ಲಿ ಕೂರಿಸಿದರು, "ಅಮ್ಮ ಬೆಂಗಳೂರಿಗೆ ಹೋಗಿದ್ದಾರೆ" ಅಂದರು. ಎರಡು ವರ್ಷ ಬೆಂಗಳೂರು ರೈಲಿನ ಹೊತ್ತಿಗೆ ಗೇಟಲ್ಲಿ ನಿಂತ. ಯಾರಾದರೂ ಒಳಗೆ ಎಳೆದರೆ ಹೊಡೆಯುತ್ತಿದ್ದ. ಅದನ್ನು ಬುದ್ಧಿಮಾಂದ್ಯತೆ ಅಂದರು, ದುಃಖ ಅಂತ ಒಬ್ಬರೂ ಅನ್ನಲಿಲ್ಲ. ಗುಂಪಿನಲ್ಲಿ ಅಮ್ಮನ ಫೋಟೋ ಇಟ್ಟು, ಸತ್ತಿದ್ದಾರೆ, ವಾಪಸ್ ಬರಲ್ಲ ಅಂತ ನೇರವಾಗಿ ಹೇಳಿದರು. ಅತ್ತ. ಆಮೇಲೆ ಹೊಡೆಯುವುದು ಕಡಿಮೆ ಆಯಿತು.

ಕೊಪ್ಪದ ಚಿಕ್ಕಪ್ಪ: ನಿಮ್ಮಣ್ಣನಿಗೆ ಮಾತು ಬರುತ್ತೆ. ನಮ್ಮವನಿಗೆ ಬರಲ್ಲ. ಕೈ ಕಚ್ಚಿ ರಕ್ತ ಬಂದದ್ದು ನೀವು ನೋಡಿದ್ದೀರಾ?

ಭದ್ರಾವತಿ ತಂಗಿ: ಹಾಗಾದರೆ ನಿಮ್ಮ ಹುಡುಗನಿಗೆ ಆಗಲಿಲ್ಲ ಅನ್ನಿ. "ಇವರಿಗೆಲ್ಲ" ಅಂತ ಸೇರಿಸಬೇಡಿ.

ಸಾಗರದ ಅಣ್ಣ: ಜಗಳ ಬಿಡಿ. ಇಂಥವರಿಗಾಗಿ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಇದೆ, ಮಾಡಿಸಿದ್ದೀರಾ? 1 ಲಕ್ಷದವರೆಗೆ ಸಿಗುತ್ತೆ, ಥೆರಪಿ ಖರ್ಚೂ ಸೇರುತ್ತೆ. ನನ್ನ ಹನ್ನೊಂದು ಸಾವಿರಕ್ಕೆ ಆ ಕೌನ್ಸೆಲರ್ ಸರಿಯಾದ ರಸೀದಿಯನ್ನೇ ಕೊಡಲಿಲ್ಲ.

ತೀರ್ಥಹಳ್ಳಿ ಅಮ್ಮ: ಮತ್ತೆ ಅದೇ ಹನ್ನೊಂದು ಸಾವಿರ!

ಹೊಸನಗರದ ಅಕ್ಕ: ನಮ್ಮ ತಮ್ಮನಿಗೂ ಅಪ್ಪ ಆಸ್ಪತ್ರೆಯಲ್ಲಿದ್ದಾರೆ ಅಂತಲೇ ಹೇಳಿದ್ದೇವೆ. ತೀರ್ಥಹಳ್ಳಿ ಅಮ್ಮ, ಗುಂಪಿನ ಒಳಗೆ ನಾನೂ ಕೂರಬಹುದಾ?

ತೀರ್ಥಹಳ್ಳಿ ಅಮ್ಮ: ಬಿಡಲ್ಲ ಕಣಮ್ಮ, ಬಾಗಿಲ ಹೊರಗೆ ಬೆಂಚಿದೆ. ನಾವಿದ್ದರೆ ನಮ್ಮ ಮುಖ ನೋಡಿ ಉತ್ತರ ಹೇಳ್ತಾರೆ.

ಕೊಪ್ಪದ ಚಿಕ್ಕಪ್ಪ: ಅದನ್ನೇ ನಾನು ಒಪ್ಪಲ್ಲ. ಒಳಗೆ ಮನೆಯವರು ಇರಲೇಬೇಕು.