ಡೂನ್ ಪಿಸ್ತೂಲನ್ನು ಕೊಳ್ಳುವ ಮುನ್ನ ಏನನ್ನು ನೋಡಬೇಕು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನವನು, ಈಗ ಗ್ಲಾಸ್ಗೋದಲ್ಲಿ ನೆಲೆಸಿದ್ದೇನೆ. ಇಲ್ಲಿನ ಹರಾಜೊಂದಕ್ಕೆ, ಮರವೇ ಇಲ್ಲದೆ ಪೂರ್ತಿ ಲೋಹದಲ್ಲಿ ಮಾಡಿದ, ಹಿಡಿಯ ತುದಿಯು ಟಗರಿನ ಕೊಂಬುಗಳಂತೆ ಸುರುಳಿಗೊಂಡಿರುವ ಚಕಮಕಿ ಪಿಸ್ತೂಲೊಂದು ಬಂದಿದೆ. ಅದು 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಡೂನ್ ಊರಿನಲ್ಲಿ ಮಾಡಿದ ಕೆಲಸವೆಂದು ಪಟ್ಟಿಯಲ್ಲಿ ಬರೆದಿದ್ದಾರೆ. ಮನೆಯ ಕೇಪಿನ ಕೋವಿಯನ್ನು (ಹೊಡೆದರೆ ಸಿಡಿಯುವ ಪುಟ್ಟ ಲೋಹದ ಟೋಪಿಯಿಂದ ಮದ್ದು ಹೊತ್ತಿಕೊಳ್ಳುವ ಬಂದೂಕು) ನೋಡಿ ಬೆಳೆದ ನನಗೆ ಬಾಯಿಯಿಂದ ಮದ್ದು ತುಂಬುವ ಬಂದೂಕುಗಳು ಗೊತ್ತಿವೆಯಾದರೂ ಸ್ಕಾಟ್ಲೆಂಡಿನ ಈ ಬಗೆ ಹೊಸದು. ಅಸಲಿಯೇ ಎಂದು ತಿಳಿಯುವುದು ಹೇಗೆ?

ಉತ್ತರ 1:
ಮೊದಲು ನಳಿಗೆಯ ಮೇಲಿನ ಮುದ್ರೆಗಳನ್ನು ನೋಡಿ. ಬರ್ಮಿಂಗ್‌ಹ್ಯಾಮಿನ ಬಂದೂಕು ಪರೀಕ್ಷಾಗೃಹ (ನಳಿಗೆಯ ಬಲವನ್ನು ಪರೀಕ್ಷಿಸಿ ಮುದ್ರೆ ಒತ್ತುವ ಸಂಸ್ಥೆ) ಸ್ಥಾಪನೆಯಾದದ್ದು 1813ರಲ್ಲಿ. ಅಷ್ಟರಲ್ಲಿ ಡೂನ್‌ನ ಕಸುಬು ಕುಗ್ಗಿಹೋಗಿತ್ತು. ಆದ್ದರಿಂದ ಆ ಪರೀಕ್ಷಾಗೃಹದ ಮುದ್ರೆಯಿರುವ ಪಿಸ್ತೂಲನ್ನು ಡೂನ್‌ನದೆಂದು ನಂಬುವ ಮುನ್ನ ಹತ್ತು ಸಲ ಯೋಚಿಸಬೇಕು. 1822ರಲ್ಲಿ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರೋಗೆ ಭೇಟಿ ಕೊಟ್ಟ ಮೇಲೆ ಹೈಲ್ಯಾಂಡ್ (ಸ್ಕಾಟ್ಲೆಂಡಿನ ಗುಡ್ಡನಾಡು) ಉಡುಪು ಧರಿಸುವುದು ಪ್ರತಿಷ್ಠೆಯ ವಿಷಯವಾಗಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳಲೆಂದೇ ಮಾಡಿದ ಅಲಂಕಾರದ ಪಿಸ್ತೂಲುಗಳು ಹೇರಳವಾಗಿ ತಯಾರಾದವು. ಇಂದು ಹರಾಜಿನಲ್ಲಿ ಹಳೆಯವೆಂದು ಮಾರಾಟವಾಗುವವುಗಳಲ್ಲಿ ಇವೂ ಸೇರಿರುತ್ತವೆ.

ಡೂನ್‌ನಲ್ಲಿ ಈ ಕಸುಬನ್ನು ಆರಂಭಿಸಿದವನು ಥಾಮಸ್ ಕ್ಯಾಡೆಲ್, 1646ರ ಸುಮಾರಿಗೆ. ಆ ಪರಂಪರೆಯ ಪಿಸ್ತೂಲಿನಲ್ಲಿ ಬೆರಳಿಗೆ ಅಡ್ಡ ಕಾವಲು ಪಟ್ಟಿ ಇರುವುದಿಲ್ಲ, ಗುಂಡು ಹಾರಿಸಲು ಎಳೆಯುವ ಕೀಲು (ಟ್ರಿಗರ್) ಸಣ್ಣ ಗೋಲಿಯಂತಿರುತ್ತದೆ, ಎಡಬದಿಯಲ್ಲಿ ಸೊಂಟಪಟ್ಟಿಗೆ ಸಿಕ್ಕಿಸುವ ಕೊಕ್ಕೆಯಿರುತ್ತದೆ. ಎರಡು ಕೊಂಬುಗಳ ನಡುವಿನ ಗುಂಡುತಲೆಯನ್ನು ತಿರುಗಿಸಿದರೆ ರಂಜಕದ (ಕಿಡಿ ತಗುಲಿ ಮೊದಲು ಹೊತ್ತಿಕೊಳ್ಳುವ ಮದ್ದಿನ) ರಂಧ್ರವನ್ನು ಶುಚಿಗೊಳಿಸುವ ಸೂಜಿ ಹೊರಬರಬೇಕು. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮುಖ್ಯವಾದದ್ದು ಬೆಳ್ಳಿಯ ಕುಸುರಿ: ಕೈಯಲ್ಲಿ ಕೊರೆದು ಬೆಳ್ಳಿಯನ್ನು ಕೂರಿಸಿದ ಗೆರೆಗೂ ಅಚ್ಚಿನಲ್ಲಿ ಎರಕ ಹೊಯ್ದು ಪಡೆದ ಗೆರೆಗೂ ಇರುವ ಅಂತರ ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಎಡಿನ್‌ಬರೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಅಸಲಿಗಳನ್ನು ನೋಡಿಕೊಂಡು, ಆ ನೆನಪು ಹಸಿಯಾಗಿರುವಾಗಲೇ ಹರಾಜಿಗೆ ಹೋಗಿ.

ಉತ್ತರ 2:
ಒಂದು ಮಾತನ್ನು ಸೇರಿಸುತ್ತೇನೆ. ಬರ್ಮಿಂಗ್‌ಹ್ಯಾಮಿನದೆಲ್ಲ ನಕಲಿಯಲ್ಲ. ಅಲ್ಲಿನ ಐಸಾಕ್ ಬಿಸ್ಸೆಲ್ 18ನೇ ಶತಮಾನದಲ್ಲೇ ಹೈಲ್ಯಾಂಡ್ ರೆಜಿಮೆಂಟುಗಳ ಸಿಪಾಯಿಗಳಿಗಾಗಿ ಇದೇ ಆಕಾರದ ಸಾದಾ ಪಿಸ್ತೂಲುಗಳನ್ನು ಮಾಡಿದ್ದನು. ನಳಿಗೆಯ ಮೇಲೆ ‘ಆರ್.ಎಚ್.ಆರ್.’ ಎಂದು ಕೊರೆದಿದ್ದರೆ ಅದು ರಾಯಲ್ ಹೈಲ್ಯಾಂಡ್ ರೆಜಿಮೆಂಟಿನದು. ಡೂನ್‌ನ ಸೊಬಗು ಅದಕ್ಕಿಲ್ಲದಿದ್ದರೂ ಚರಿತ್ರೆಯ ದೃಷ್ಟಿಯಿಂದ ನಾನು ಅದನ್ನೇ ಹೆಚ್ಚು ಮೆಚ್ಚುತ್ತೇನೆ.

ನಿಮ್ಮ ಮನೆಯ ಕೇಪಿನ ಕೋವಿಯ ಮೂಲತತ್ತ್ವವೂ ಸ್ಕಾಟ್ಲೆಂಡಿನದೇ. ಆಬರ್ಡೀನ್‌ಶೈರಿನ ಬೆಲ್‌ಹೆಲ್ವಿಯ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್, ಹೊಡೆತ ಬಿದ್ದರೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ವಿಧಾನಕ್ಕೆ 1807ರಲ್ಲಿ ಪೇಟೆಂಟ್ ಪಡೆದನು.

ಉತ್ತರ 3:
ಕಾನೂನಿನ ವಿಷಯ: ಬ್ರಿಟನ್ನಿನಲ್ಲಿ ಇಂತಹ ಪುರಾತನ ಪಿಸ್ತೂಲನ್ನು ಕುತೂಹಲದ ಅಥವಾ ಅಲಂಕಾರದ ವಸ್ತುವಾಗಿ ಮಾತ್ರ ಇಟ್ಟುಕೊಂಡರೆ 1968ರ ಬಂದೂಕು ಕಾಯ್ದೆಯ 58ನೇ ಕಲಮಿನ ವಿನಾಯಿತಿ ಸಿಗುತ್ತದೆ, ಹಾರಿಸುವ ಉದ್ದೇಶವಿದ್ದರೆ ಪರವಾನಗಿ ಬೇಕು. ಹಾರಿಸಬಲ್ಲಂತೆ ಹೊಸದಾಗಿ ಮಾಡಿದ ಪ್ರತಿಕೃತಿಗೆ ಆ ವಿನಾಯಿತಿ ಇಲ್ಲವೇ ಇಲ್ಲ. ಕೊಡಗಿನಲ್ಲಿ ಕೋವಿಗಿರುವ ಪರವಾನಗಿ ವಿನಾಯಿತಿಯನ್ನು ನಂಬಿ ಈ ಪಿಸ್ತೂಲನ್ನು ಊರಿಗೆ ಒಯ್ಯಲು ಹೊರಡಬೇಡಿ. ಭಾರತಕ್ಕೆ ಆಮದು ಮಾಡುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರತ್ಯೇಕವಾಗಿ ನಿಯಂತ್ರಿಸುತ್ತದೆ.