ಸ್ವೀಡನ್ ಯೂರೋವಿಷನ್‌ಗೆ ಫಿನ್ಲೆಂಡಿನ ಸೌನಾ ಹುಡುಗರನ್ನು ಕಳಿಸುತ್ತಿದೆ, ಯಾಕೆ?

ಪೀಣ್ಯ_ವೆಸ್ಟೆರೋಸ್ · 9 ಮಾರ್ಚ್ 2025

ಎಲ್ಲರಿಗೂ ನಮಸ್ಕಾರ. ನಾನು ಸ್ವೀಡನ್ನಿನ ವೆಸ್ಟೆರೋಸ್‌ಗೆ ಬಂದು ಏಳು ತಿಂಗಳಾಯಿತು. ಊರು ಗದಗ, ಕೆಲಸ ಟ್ರಾನ್ಸ್‌ಫಾರ್ಮರ್ ಟೆಸ್ಟಿಂಗ್. ಸ್ವೀಡಿಷ್ ಭಾಷೆ 'ಹೇಯ್', 'ಟಾಕ್' ದಾಟಿ ಮುಂದೆ ಹೋಗಿಲ್ಲ.

ಫೆಬ್ರವರಿ ಶುರುವಾದಾಗಿನಿಂದ ಸೋಮವಾರ ಕಾಫಿ ಹೊತ್ತಿಗೆ ಆಫೀಸಿನಲ್ಲಿ ಒಂದೇ ಮಾತು, ಮೆಲ್ಲೊ. ಪೂರ್ತಿ ಹೆಸರು ಮೆಲೊಡಿಫೆಸ್ಟಿವಾಲೆನ್ ಅಂತೆ. ಯೂರೋವಿಷನ್‌ಗೆ, ಅಂದರೆ ಯೂರೋಪಿನ ದೇಶಗಳು ಒಂದೊಂದು ಹಾಡು ಕಳಿಸುವ ದೊಡ್ಡ ಸ್ಪರ್ಧೆಗೆ, ಸ್ವೀಡನ್ನಿನ ಹಾಡು ಆರಿಸುವ ಸ್ಪರ್ಧೆ. 15ನೇ ತಾರೀಕು ಒಂದು ಸುತ್ತು ನಮ್ಮೂರಲ್ಲೇ ನಡೆಯಿತು. ನಾನು ಆವತ್ತು ಚಪಾತಿ ಹಿಟ್ಟು ಹುಡುಕಿಕೊಂಡು ಅಂಗಡಿ ಸುತ್ತುತ್ತಿದ್ದೆ.

ನಿನ್ನೆ ಫೈನಲ್‌ಗೆ ಮ್ಯಾನೇಜರ್ ಮನೆಗೆ ಕರೆದಿದ್ದರು. ಅಜ್ಜಿಯಿಂದ ಹಿಡಿದು ಮೊಮ್ಮಗನ ತನಕ ಎಲ್ಲರೂ ಫೋನ್ ಹಿಡಿದು ಕೂತಿದ್ದರು. ನನಗೂ ಆ್ಯಪ್ ಹಾಕಿಸಿದರು. ಅದು ಮೊದಲು ಕೇಳಿದ್ದೇ ನನ್ನ ವಯಸ್ಸು! ಹಾಡಿಗೆ ವೋಟು ಹಾಕಲು ವಯಸ್ಸು ಯಾಕೆ?

ಮೋನ್ಸ್ ಸೆಲ್ಮರ್ಲೋವ್ ಹಾಡಿದಾಗ ಇವನೇ ಗೆಲ್ಲುವುದು ಅಂದುಕೊಂಡೆ. 2015ರಲ್ಲಿ ಯೂರೋವಿಷನ್ ಗೆದ್ದುಕೊಟ್ಟವನು. ಆದರೆ ಗೆದ್ದದ್ದು ಕಾಯ್ ಅನ್ನುವ ಮೂವರ ತಂಡ. ಕಂದು ಬಣ್ಣದ ಸೂಟು, ವೇದಿಕೆ ಮೇಲೇ ಸೌನಾ (ಬೆವರಿಳಿಸುವ ಬಿಸಿ ಕೋಣೆ), ಟವೆಲ್ ಸುತ್ತಿಕೊಂಡು ಕುಣಿಯುವವರು. ಅವರು ಫಿನ್ಲೆಂಡಿನವರಂತೆ! ಮ್ಯಾನೇಜರ್ ಅಮ್ಮ ಎದ್ದು ಕುಣಿದರು. ನಾನು ಚಪ್ಪಾಳೆ ತಟ್ಟಿದೆ, ಆದರೆ ಏನೂ ಅರ್ಥವಾಗಲಿಲ್ಲ. ತಮಾಷೆ ಹಾಡನ್ನು, ಅದೂ ಪಕ್ಕದ ದೇಶದವರನ್ನು, ಒಂದು ದೇಶ ತನ್ನ ಪರವಾಗಿ ಯಾಕೆ ಕಳಿಸುತ್ತದೆ?

ಜಯನಗರ_ಸಂಜೆ · 9 ಮಾರ್ಚ್

ಇದರಲ್ಲಿ ಏನಿದೆ ಗುರುವೇ, ನಮ್ಮ ರಿಯಾಲಿಟಿ ಶೋ ಎಸ್ಸೆಮ್ಮೆಸ್ ವೋಟಿನ ಕಥೆಯೇ. ಯಾರ ಕಡೆ ಜನ ಜಾಸ್ತಿ ಫೋನ್ ಒತ್ತುತ್ತಾರೋ ಅವರು ಗೆದ್ದರು. ಹಾಡಿಗೂ ಅದಕ್ಕೂ ಸಂಬಂಧ ಇಲ್ಲ.

ಯೋಟೆಬೋರಿ_ಅಕ್ಕ · 10 ಮಾರ್ಚ್

ಜಯನಗರದವರೇ, ಸ್ವಲ್ಪ ತಡೀರಿ. ಎಸ್ಸೆಮ್ಮೆಸ್ ಕಥೆ ಅಲ್ಲ ಇದು.

ನಾನು ದಾವಣಗೆರೆಯವಳು. ಯೋಟೆಬೋರಿಗೆ, ಅಂದರೆ ಗೋಥೆನ್‌ಬರ್ಗ್‌ಗೆ, ಬಂದು ಹನ್ನೆರಡು ವರ್ಷ. ಇಲ್ಲಿ ಶಿಶುವಿಹಾರದಲ್ಲಿ ಟೀಚರ್. ಕಾಯ್ ಗೆಲ್ಲುತ್ತಾರೆ ಅಂತ ನನಗೆ ಫೆಬ್ರವರಿ 24ರ ಸೋಮವಾರ ಬೆಳಿಗ್ಗೆಯೇ ಗೊತ್ತಾಗಿತ್ತು. ಹೇಗೆ ಅಂತ ಹೇಳುತ್ತೇನೆ.

ಅವರು ಮೊದಲು ಹಾಡಿದ್ದು 22ರ ಶನಿವಾರ, ಮಾಲ್ಮೋ ಸುತ್ತಿನಲ್ಲಿ. ಸೋಮವಾರ ನಾನು ಬಾಗಿಲು ತೆಗೆದರೆ ನಾಲ್ಕು ವರ್ಷದ ಹುಡುಗನೊಬ್ಬ ಮನೆಯಿಂದ ಟವೆಲ್ ತಂದಿದ್ದ. ಚಳಿ ಜಾಕೆಟ್ ಮೇಲೆಯೇ ಅದನ್ನು ಸುತ್ತಿಕೊಂಡು 'ಬಾಸ್ತು, ಬಾಸ್ತು' ಅಂತ ಕುಣಿಯುತ್ತಿದ್ದ. ಬಾಸ್ತು ಅಂದರೆ ಸ್ವೀಡಿಷ್‌ನಲ್ಲಿ ಸೌನಾ. ಹತ್ತು ಗಂಟೆಗೆ ನಮ್ಮ ಕೈ ಒರೆಸುವ ಬಟ್ಟೆಗಳೆಲ್ಲ ಮಾಯ. ಹದಿನೇಳು ಮಕ್ಕಳು ಸಾಲಾಗಿ ಬೆಂಚಿನ ಮೇಲೆ ಕೂತು, ಗೊಂಬೆ ಪಾತ್ರೆಯಿಂದ ಇಲ್ಲದ ನೀರನ್ನು ಇಲ್ಲದ ಕಲ್ಲಿನ ಮೇಲೆ ಸುರಿಯುತ್ತಿದ್ದರು. ಸಂಜೆ ಮೇಲಿನ ಮಹಡಿಯ ಅಜ್ಜಿ ಲಿಫ್ಟ್‌ನಲ್ಲಿ ಸಿಕ್ಕರು. ಎಂಬತ್ತೊಂದು ವರ್ಷ. ಅವರೂ ಅದೇ ಹಾಡು ಗುನುಗುತ್ತಿದ್ದರು. ಅಷ್ಟೇ, ನನಗೆ ಲೆಕ್ಕ ಸಿಕ್ಕಿತು.

ಯಾಕೆಂದರೆ ನಿಮ್ಮ ವಯಸ್ಸು ಕೇಳುವ ಗುಟ್ಟು ಅಲ್ಲೇ ಇದೆ. ವೋಟು ಹಾಕುವವರನ್ನು ಏಳು ವಯಸ್ಸಿನ ಗುಂಪು ಮಾಡಿದ್ದಾರೆ. ಮೂರರಿಂದ ಒಂಬತ್ತರ ಮಕ್ಕಳದು ಮೊದಲನೆಯದು, 75 ದಾಟಿದವರದು ಕೊನೆಯದು. ಫೋನ್ ಮಾಡಿ ವೋಟು ಹಾಕುವವರದು ಎಂಟನೆಯ ಗುಂಪು. ಗುಂಪಿನಲ್ಲಿ ಎಷ್ಟೇ ಜನ ಇರಲಿ, ಎಲ್ಲಕ್ಕೂ ಒಂದೇ ತೂಕ. ನಮ್ಮ ಟವೆಲ್ ಹುಡುಗನ ಗುಂಪು ಕೊಡುವ 12 ಅಂಕಕ್ಕೂ ಆ ಅಜ್ಜಿಯ ಗುಂಪಿನ 12ಕ್ಕೂ ವ್ಯತ್ಯಾಸ ಇಲ್ಲ. ಹಾಗಾಗಿ ಒಂದೇ ವಯಸ್ಸಿನವರು ಹುಚ್ಚೆದ್ದು ಇಡೀ ರಾತ್ರಿ ಒತ್ತಿದರೂ ಫೈನಲ್ ಗೆಲ್ಲಲಾಗದು. ಆ್ಯಪ್‌ನಲ್ಲಿ ಒಂದು ಹಾಡಿಗೆ ಐದು ಹಾರ್ಟ್, ಅಂದರೆ ಐದು ವೋಟು ಮಾತ್ರ, ಅದೂ ಪುಕ್ಕಟೆ. ದುಡ್ಡಿನ ಆಟ ಅಲ್ಲ, ಜಯನಗರದವರೇ.

ಮೊದಲು ಈ ಗುಂಪುಗಳು ಇರಲಿಲ್ಲ. ಪುಕ್ಕಟೆ ಹಾರ್ಟ್ ಬಂದ ಮೇಲೆ ಜನ ಎಲ್ಲಾ ಹಾಡಿಗೂ ಒತ್ತಲು ಶುರು ಮಾಡಿದರು. ಮದುವೆ ಊಟದಲ್ಲಿ ಎಲ್ಲದಕ್ಕೂ 'ಹಾಕಿ, ಹಾಕಿ' ಅಂದ ಹಾಗೆ. ಹಾಡುಗಳ ನಡುವೆ ಅಂತರವೇ ಉಳಿಯಲಿಲ್ಲ. ಅದಕ್ಕೇ 2019ರಲ್ಲಿ ಹೀಗೆ ಮಾಡಿದರು.

ಇದು ಅರ್ಧ ಮಾತ್ರ. ಫೈನಲ್‌ನಲ್ಲಿ ಇನ್ನರ್ಧ ಅಂಕ ಎಂಟು ಹೊರದೇಶಗಳ ತೀರ್ಪುಗಾರರದು. ಮನೆಯ ಅಡುಗೆ ಮನೆಯವರಿಗೆ ಯಾವಾಗಲೂ ರುಚಿಯೇ ಅಲ್ವಾ, ನೆಂಟರಿಗೂ ರುಚಿಸುತ್ತಾ ಅಂತ ನೋಡಬೇಕಲ್ಲ. 2010ರಲ್ಲಿ ಸ್ವೀಡನ್ ಕಳಿಸಿದ ಹಾಡು ಸೆಮಿಫೈನಲ್ಲೇ ದಾಟಲಿಲ್ಲ. ನನ್ನ ಗಂಡನ ಸಹೋದ್ಯೋಗಿಗಳು ಈಗಲೂ ಅದನ್ನು ಸಾವಿನ ಮನೆಯ ದನಿಯಲ್ಲಿ ಹೇಳುತ್ತಾರೆ. ಮಾರನೇ ವರ್ಷ ಸ್ವೀಡನ್ನಿನ ತೀರ್ಪುಗಾರರನ್ನು ಪೂರ್ತಿ ತೆಗೆದು, ಬರೀ ಹೊರಗಿನವರನ್ನೇ ಕೂರಿಸಿದರು. 2012ರಲ್ಲಿ ಸ್ವೀಡನ್ನಿನ ಗಾಯಕಿ ಲೊರೀನ್ ಯೂರೋವಿಷನ್ ಗೆದ್ದಳು. 2015ರಲ್ಲಿ ಮೋನ್ಸ್, 2023ರಲ್ಲಿ ಮತ್ತೆ ಲೊರೀನ್.

ಈ ಸಲ ಈ ಎರಡು ಕಡೆಯವರೂ ಒಪ್ಪಲಿಲ್ಲ. ಹೊರಗಿನವರು ಮೋನ್ಸ್ ಅಂದರು, ಒಳಗಿನವರು ಕಾಯ್ ಅಂದರು. ಒಳಗಿನವರ ಪ್ರೀತಿ ಅಷ್ಟು ಜೋರಾಗಿತ್ತು, ಅದಕ್ಕೇ ಗೆದ್ದರು. ತಜ್ಞರು ಎಡವುವುದೂ ಹೊಸದಲ್ಲ. 1973ರಲ್ಲಿ ಸ್ವೀಡನ್ನಿನ ಪ್ರಸಿದ್ಧ ತಂಡ ಅಬ್ಬಾದ ನಾಲ್ವರು ಇದೇ ಮೆಲ್ಲೊಗೆ ಬಂದಾಗ ತಜ್ಞರ ಮಂಡಳಿ ಅವರಿಗೆ ಕೊಟ್ಟದ್ದು ಮೂರನೇ ಸ್ಥಾನ! ಮಾರನೇ ವರ್ಷ ಮತ್ತೆ ಬಂದು, ಇಂಗ್ಲೆಂಡಿನ ಬ್ರೈಟನ್‌ಗೆ ಹೋಗಿ ಯೂರೋವಿಷನ್ನೇ ಗೆದ್ದರು.

ನಿಜ ಹೇಳಬೇಕೆಂದರೆ ನನಗೆ ಸಂತೋಷ ಆದದ್ದು ಬೇರೆ ಕಾರಣಕ್ಕೆ. 1999ರಿಂದ ಯೂರೋವಿಷನ್‌ನಲ್ಲಿ ಯಾವ ಭಾಷೆಯಲ್ಲಾದರೂ ಹಾಡಬಹುದು ಅಂತ ಆಯಿತು. ಆಮೇಲೆ ಸ್ವೀಡನ್ ತನ್ನ ಭಾಷೆಯಲ್ಲಿ ಒಂದು ಹಾಡನ್ನೂ ಕಳಿಸಿರಲಿಲ್ಲ. ಎಲ್ಲಾ ಇಂಗ್ಲಿಷ್. ಇಸ್ತ್ರಿ ಹಾಕಿದ ಅಂಗಿಯ ಹಾಗೆ ಒಂದು ಮಡಿಕೆ ಇಲ್ಲ, ಬೆವರಿನ ವಾಸನೆಯೂ ಇಲ್ಲ. ನನ್ನ ಮಗಳು ಇಲ್ಲೇ ಹುಟ್ಟಿದವಳು. 'ಅಮ್ಮಾ, ಸ್ವೀಡಿಷ್ ಹಾಡು ಹೊರಗೆ ಹೋಗಲ್ವಾ?' ಅಂತ ಹೋದ ವರ್ಷ ಕೇಳಿದ್ದಳು. ಮನೆಯಲ್ಲಿ ಕನ್ನಡ ಮಾತಾಡು ಅಂತ ದಿನಾ ಅವಳ ಬೆನ್ನು ಹತ್ತುವವಳು ನಾನು. ಏನಂತ ಉತ್ತರ ಕೊಡಲಿ? ಈಗ ಹೋಗುತ್ತಿದೆ. ಅದೂ ಪುಸ್ತಕದ ಸ್ವೀಡಿಷ್ ಅಲ್ಲ, ಫಿನ್ಲೆಂಡಿನಲ್ಲಿರುವ ಕಾಯ್ ಹುಡುಗರ ಊರು ವೋರೋದ ಸ್ವೀಡಿಷ್ ಆಡುಮಾತು. ನಮ್ಮ ಶಿಶುವಿಹಾರದ ಸ್ವೀಡಿಷ್ ಟೀಚರ್‌ಗಳೇ ಕೆಲವು ಸಾಲು ತಿಳಿಯಲಿಲ್ಲ ಅಂತ ನಗುತ್ತಿದ್ದರು.

ಮಂಜೇಶ್ವರ_ಎಸ್ಪೋ · 10 ಮಾರ್ಚ್

ಅಕ್ಕ ಎಲ್ಲಾ ಹೇಳಿದರು. ಫಿನ್ಲೆಂಡ್ ಕಡೆಯಿಂದ ನಾನು ಒಂದು ಸೇರಿಸುತ್ತೇನೆ, ಹೆಲ್ಸಿಂಕಿ ಪಕ್ಕದ ಎಸ್ಪೋದಲ್ಲಿ ಇದ್ದೇನೆ.

ಕಾಯ್ ಹುಡುಗರು ಫಿನ್ಲೆಂಡಿನವರು ಹೌದು, ಆದರೆ ಮನೆ ಮಾತು ಸ್ವೀಡಿಷ್. ಇಲ್ಲಿ ನೂರಕ್ಕೆ ಸುಮಾರು ಐದು ಜನ ಹಾಗೆ. ಬಸ್ ನಿಲ್ದಾಣದ ಬೋರ್ಡು ಎರಡು ಭಾಷೆಯಲ್ಲಿ. ನಾನು ಮಂಜೇಶ್ವರದವನು, ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾವು ಇರುವುದು ಕೇರಳ, ಓದಿದ್ದು ಕನ್ನಡ ಶಾಲೆ. ನಮ್ಮ ಕನ್ನಡ ಕೇಳಿ ಬೆಂಗಳೂರಿನ ಹಾಸ್ಟೆಲ್‌ನಲ್ಲಿ ನಗುತ್ತಿದ್ದರು. ಈಗ ಸುಮ್ನೆ ಊಹಿಸಿಕೊಳ್ಳಿ. ಕಾಸರಗೋಡಿನ ಮೂವರು ಹುಡುಗರು ನಮ್ಮ ಕನ್ನಡದಲ್ಲಿ ಗಂಜಿ ಊಟದ ಬಗ್ಗೆ ತಮಾಷೆ ಹಾಡು ಕಟ್ಟಿ, ಬೆಂಗಳೂರಿಗೆ ಹೋಗಿ, ಅಲ್ಲಿನ ದೊಡ್ಡ ಸ್ಟಾರ್‌ಗಳನ್ನು ಸೋಲಿಸಿ, ಕರ್ನಾಟಕದ ಪರವಾಗಿ ಹೊರಟರು ಅಂತ. ಶನಿವಾರ ರಾತ್ರಿ ನಾನು ಸೋಫಾದಿಂದ ಎದ್ದು ನಿಂತದ್ದು ಅದಕ್ಕೇ. ಹೆಂಡತಿ ಏನಾಯ್ತು ಅಂತ ಗಾಬರಿಯಾದಳು.

ನಿಯಮದ ಮಾತಿಗೆ ಬಂದರೆ, ಯೂರೋವಿಷನ್‌ನಲ್ಲಿ ಹಾಡುವವರು ಆ ದೇಶದವರೇ ಆಗಿರಬೇಕು ಅಂತ ಇಲ್ಲ. 1988ರಲ್ಲಿ ಸ್ವಿಟ್ಜರ್ಲೆಂಡ್‌ಗೆ ಗೆದ್ದುಕೊಟ್ಟ ಸೆಲೀನ್ ಡಿಯಾನ್ ಕೆನಡಾದವಳು.

ಇಲ್ಲಿನ ತಮಾಷೆ ಏನೆಂದರೆ, ಫಿನ್ಲೆಂಡ್ ತನ್ನ ಸ್ಪರ್ಧೆಯಲ್ಲಿ ಎರಿಕಾ ವಿಕ್ಮನ್ ಅವರನ್ನು ಆರಿಸಿ ಆಗಿದೆ. ಮೇ ತಿಂಗಳ ಯೂರೋವಿಷನ್‌ನಲ್ಲಿ ನಾವು ನಮ್ಮ ದೇಶದ ಹಾಡಿಗೆ ವೋಟು ಹಾಕುವ ಹಾಗಿಲ್ಲ, ಅದು ನಿಯಮ. ಆದರೆ ಸ್ವೀಡನ್ನಿಗೆ ಹಾಕಬಹುದು! ಅಂದರೆ ವೋರೋ ಊರಿನವರೇ ತಮ್ಮ ಹುಡುಗರಿಗೆ ಧಾರಾಳವಾಗಿ ವೋಟು ಹಾಕಬಹುದು.

ಪೀಣ್ಯ_ವೆಸ್ಟೆರೋಸ್ · 10 ಮಾರ್ಚ್

ಕಾಸರಗೋಡು ಅಂದ ತಕ್ಷಣ ತಲೆಗೆ ಹೋಯಿತು ಸಾರ್. ಅಕ್ಕ, ನಿಮ್ಮ ಟವೆಲ್ ಕಥೆಯನ್ನು ಆಫೀಸಿನಲ್ಲಿ ಹೇಳಿದೆ. ಏಳು ತಿಂಗಳಲ್ಲಿ ಮೊದಲ ಸಲ ಕಾಫಿ ಟೇಬಲ್‌ನಲ್ಲಿ ನನ್ನ ಮಾತಿಗೆ ಎಲ್ಲರೂ ನಕ್ಕರು.

ಜಯನಗರ_ಸಂಜೆ · 11 ಮಾರ್ಚ್

ಸರಿ, ವಯಸ್ಸಿನ ಗುಂಪಿನ ಲೆಕ್ಕ ಚೆನ್ನಾಗಿದೆ, ಒಪ್ಪಿದೆ. ಆದರೂ ತಮಾಷೆ ಹಾಡು ಹೊರಗೆ ನಡೆಯಲ್ಲ. ಬರೆದಿಟ್ಟುಕೊಳ್ಳಿ.

ಯೋಟೆಬೋರಿ_ಅಕ್ಕ · 18 ಮೇ

ಜಯನಗರದವರೇ, ಬರೆದಿಟ್ಟುಕೊಂಡಿದ್ದೆ. ನಿನ್ನೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೂರೋವಿಷನ್ ಫೈನಲ್, ಕಾಯ್‌ಗೆ ನಾಲ್ಕನೇ ಸ್ಥಾನ, 321 ಅಂಕ. ಆಸ್ಟ್ರಿಯಾ ಗೆದ್ದಿತು. ನೀವು ಅರ್ಧ ಸರಿ, ನಾನು ಅರ್ಧ ಸರಿ. ತೀರ್ಪುಗಾರರು ಕೈ ಬಿಗಿ ಹಿಡಿದು ಕೊಟ್ಟರು, ಜನ ಜಾಸ್ತಿ ಕೊಟ್ಟರು. ಬೆಟ್ಟಿಂಗ್‌ನವರೆಲ್ಲ ಸ್ವೀಡನ್ನೇ ಅಂದಿದ್ದರಿಂದ ಇಲ್ಲಿ ಸ್ವಲ್ಪ ಮುಖ ಸಪ್ಪೆಯಾಗಿದೆ. ಇನ್ನೊಂದು ವಿಷಯ. ಮೆಲ್ಲೊದಲ್ಲಿ ವೇದಿಕೆ ಮೇಲೆ ಎಂಟು ಜನ ಇರಬಹುದು, ಯೂರೋವಿಷನ್‌ನಲ್ಲಿ ಆರೇ. ಹಾಗಾಗಿ ಕುಣಿಯುವವರಲ್ಲಿ ಇಬ್ಬರನ್ನು ಬಿಟ್ಟು ಹೋದರು. ನನಗಂತೂ ವೇದಿಕೆ ಖಾಲಿ ಖಾಲಿ ಅನಿಸಿತು. ಹದಿನೇಳು ಜನರ ಸೌನಾ ನೋಡಿದವಳು ನಾನು.

ಮಂಜೇಶ್ವರ_ಎಸ್ಪೋ · 18 ಮೇ

ಫಿನ್ಲೆಂಡ್‌ಗೆ 11ನೇ ಸ್ಥಾನ. ನಾನು ಯಾರಿಗೆ ವೋಟು ಹಾಕಿದೆ ಅಂತ ಹೆಂಡತಿಗೆ ಹೇಳಿಲ್ಲ.

ಪೀಣ್ಯ_ವೆಸ್ಟೆರೋಸ್ · 19 ಮೇ

ಇವತ್ತು ಕಾಫಿ ಹೊತ್ತಿಗೆ ದೊಡ್ಡ ಜಗಳ. ಮೋನ್ಸ್ ಹೋಗಿದ್ದರೆ ಗೆಲ್ಲುತ್ತಿದ್ದ ಅಂತ ಅರ್ಧ ಜನ, ಇದೇ ಸರಿ ಅಂತ ಇನ್ನರ್ಧ. ನನ್ನನ್ನೂ ಕೇಳಿದರು. ನಾನು ಕಾಯ್ ಪರ ಅಂದೆ. ಅದಕ್ಕೆ ಮ್ಯಾನೇಜರ್ ಶನಿವಾರ ಕೆರೆ ಪಕ್ಕದ ಬೇಸಿಗೆ ಮನೆಯ ಸೌನಾಕ್ಕೆ ಕರೆದಿದ್ದಾರೆ. ಅಕ್ಕ, ಒಂದೇ ಪ್ರಶ್ನೆ: ಟವೆಲ್ ನಾವೇ ಒಯ್ಯಬೇಕಾ?